ಉರಿದರೆ ಬಾಯಿಬಿಡು

ಉಜ್ಜನಪ್ಪ,

ನಾನು ಸ್ಕೂಲಿಗೆ ಪಾಠ ಮಾಡೋಕೆ ಹೊರಟೆ. ನಿನ್ನ ಎಬ್ಬಿಸಿದ್ರೆ ನಾನು ಬೈದೇ ಬಿಡ್ತಿದ್ದೆ, ಅದಕ್ಕೇ ಬರೆದಿಟ್ಟಿದೀನಿ.

ಹೋದ ಸಲ ಇಂಜೆಕ್ಷನ್ ಕೊಡುವಾಗ ನರ್ಸಮ್ಮ "ಉರೀತಿದೆಯಾ?" ಅಂತ ಕೇಳಿದ್ರೆ ಇಲ್ಲ ಅಂತ ತಲೆ ಅಲ್ಲಾಡಿಸಿದೆಯಲ್ಲ, ಯಾರನ್ನ ಮೆಚ್ಚಿಸೋಕೆ? ಔಷಧಿ ನರದಿಂದ ಹೊರಗೆ ಸೋರಿ ಕೈಯ ಮಾಂಸವೇ ಬೆಂದುಹೋಯ್ತು. ಕುಲುಮೆ ಮುಂದೆ ಸುಟ್ಟುಕೊಂಡು ಸುಮ್ಮನಿದ್ದಿದ್ದಕ್ಕೆ ಭದ್ರಾವತಿ ಕಾರ್ಖಾನೆಯವರು ನಿನ್ನ ಹೊಗಳಿರಬಹುದು. ಇದು ಕುಲುಮೆಯಲ್ಲ, ಕ್ಯಾನ್ಸರ್ ಔಷಧಿ.

ಆ ಹುಣ್ಣಿಗೆ ಹರಳೆಣ್ಣೆ ಹಚ್ಚಬೇಡ. ವಾಂತಿಗೆ ಹೆದರಿ ಗಂಜಿ ಚೆಲ್ಲಿಬಿಟ್ಟು, ಕುಡಿದೆ ಅಂತ ಸುಳ್ಳೂ ಹೇಳಬೇಡ. ನಿನ್ನೆ ಬಚ್ಚಲಲ್ಲಿ ಅಗುಳು ನೋಡಿದೀನಿ. ಮೈ ಬಿಸಿಯಾದ್ರೆ ಪಕ್ಕದ ಮನೆ ಮಹಾಂತಮ್ಮನವರಿಗೆ ಹೇಳು. ಈ ಔಷಧಿ ತಗೊಂಡವರಿಗೆ ಜ್ವರ ಬಂದ್ರೆ ಕಾಯೋ ಹಾಗಿಲ್ಲ ಅಂದಿದ್ದಾರೆ ಡಾಕ್ಟರು. ಕೂದಲು ಉದುರೋದೂ ಔಷಧಿಯಿಂದಲೇ, ಮತ್ತೆ ಬರುತ್ತೆ. ಕನ್ನಡಿ ಗೋಡೆ ಕಡೆ ತಿರುಗಿಸಿದ್ದು ಸಾಕು.

ಮಧ್ಯಾಹ್ನ ಶಿವಮೊಗ್ಗದ ಆಸ್ಪತ್ರೆಗೆ ನಾನೂ ಬರ್ತೀನಿ. ಇವತ್ತು ಇನ್ನೊಂದು ಕೈಗೆ ಚುಚ್ತಾರೆ. ಉರಿದ ತಕ್ಷಣ ಬಾಯಿಬಿಡು. ನಾಚಿಕೆಯಾದ್ರೆ ನನ್ನ ಕೈ ಹಿಂಡು ಮಾರಾಯ, ಕೂಗೋದು ನಾನು ಕೂಗ್ತೀನಿ.

ಅಕ್ಕ