ಕಂಬಕ್ಕೆ ಒರಗಿ ಹಾಡಿದ ನನ್ನ ತಂಗಿ ಎಲ್ಲಿ ಹೋದಳು?

ಮಾನ್ಯ ಸ್ಟುಡಿಯೋ ಮುಖ್ಯಸ್ಥರೇ,

ನನ್ನ ತಂಗಿ ಆರ್ಡೀಲಿಯಾಳ ದೃಶ್ಯಗಳನ್ನು ನೀವು ಕತ್ತರಿಸಲೆಂದೇ ಚಿತ್ರಿಸುತ್ತೀರಿ ಎಂಬ ಗುಮಾನಿ ನನಗಿದೆ. ತಪ್ಪಾಗಿದ್ದರೆ ತಿದ್ದಿ.

ಹೋದ ವರ್ಷ, 1948ರ ಈಸ್ಟರ್ ಮುಗಿದ ಮೇಲೆ, ಮಿಸಿಸಿಪ್ಪಿಯ ನಮ್ಮೂರಿನ ಟಾಕೀಸಿಗೆ ನಿಮ್ಮ ಚಿತ್ರ ಬಂತು. ನಮ್ಮ ಚರ್ಚಿನ ಹೆಂಗಸರೆಲ್ಲ ಭಾನುವಾರದ ಟೋಪಿ ಇಟ್ಟುಕೊಂಡು, ಕರಿಯರಿಗೆಂದು ಬಿಟ್ಟ ಬಾಲ್ಕನಿ ತುಂಬಿ ಕೂತರು. ಅಮ್ಮನಿಗೆ ಮುಂದಿನ ಸಾಲು. ಚಿತ್ರ ಮುಗಿದು ದೀಪ ಹತ್ತಿತು. ಆರ್ಡೀಲಿಯಾ ಬರಲೇ ಇಲ್ಲ.

"ತಟ್ಟೆ ಹಿಡ್ಕೊಂಡು ಬಂದ್ಲಲ್ಲ, ಅವಳೇನಾ ನಿನ್ ತಂಗಿ?" ಎಂದರು ಚರ್ಚಿನ ಹಿರಿಯಾಕೆ ಸಿಸ್ಟರ್ ಯೂಲಾ.

"ಅಲ್ಲ ಸಿಸ್ಟರ್, ಅವಳು ಹಾಡೋಳು."

"ಎಲ್ಲಿ ಹಾಡಿದ್ಲವ್ವಾ? ಅಡುಗೆಮನೇಲಾ?"

ಇಡೀ ಬಾಲ್ಕನಿ ನಕ್ಕಿತು. ಅಮ್ಮ ನಗಲಿಲ್ಲ. ಮನೆಗೆ ಬಂದು ಟೋಪಿ ತೆಗೆದು, "ಸುಳ್ಳು ಹೇಳಿದಾಳೆ ಕಣೇ. ಅಲ್ಲಿ ಯಾರದೋ ಮನೆ ನೆಲ ಒರೆಸ್ತಿದಾಳೆ" ಎಂದಳು. ಅಂದಿನಿಂದ ಮಗಳು ಫೋನ್ ಮಾಡಿದರೆ ಎದ್ದು ಹೊರಗೆ ಹೋಗುತ್ತಾಳೆ.

ನಾನು ರೈಲು ಹತ್ತಿ ಲಾಸ್ ಏಂಜಲೀಸಿಗೆ ಹೋದೆ. ಅದೇ ಚಿತ್ರ ನೋಡಿದೆ. ಅಲ್ಲಿದ್ದಳು ನನ್ನ ತಂಗಿ! ರೇಷ್ಮೆಯ ಗೌನು ತೊಟ್ಟು, ಬಿಳಿ ಕಂಬಕ್ಕೆ ಒರಗಿ, ಪೂರ್ತಿ ಒಂದು ಹಾಡು. ನಾನು ಅತ್ತೆ. ಅಳು ನಿಂತ ಮೇಲೆ ತಲೆ ಓಡತೊಡಗಿತು. ಹಾಡಿಗೆ ಮೊದಲು ಅವಳನ್ನು ಯಾರೂ ಕರೆಯಲಿಲ್ಲ, ಮುಗಿದ ಮೇಲೆ ಯಾರೂ ಮಾತಾಡಿಸಲಿಲ್ಲ. ಕಂಬವೊಂದೇ ಅವಳ ಸಹನಟ. ಅವಳ ಉಳಿದ ಚಿತ್ರಗಳನ್ನೂ ಹುಡುಕಿಕೊಂಡು ಹೋಗಿ ನೋಡಿದೆ. ಎಲ್ಲದರಲ್ಲೂ ಅದೇ ಏಕಾಂತ. ನಮ್ಮ ದಕ್ಷಿಣದ ರಾಜ್ಯಗಳ ಬಿಳಿಯರಿಗೆ ಮುಜುಗರವಾದೀತೆಂದು ಇಲ್ಲಿನ ಟಾಕೀಸುಗಳಲ್ಲಿ ಅವಳನ್ನು ಕತ್ತರಿಸಿ ಎಸೆದರೂ ಕಥೆಗೆ ಗಾಯವಾಗಬಾರದು, ಅಲ್ಲವೇ? ಕಥೆಯ ಮೇಲೆ ತಮಗೆಷ್ಟು ಕರುಣೆ! ತಟ್ಟೆ ಹಿಡಿದು ಬಂದ ಕರಿಯ ಹೆಂಗಸಿಗೆ ಮಾತ್ರ ನಮ್ಮೂರಲ್ಲೂ ಕತ್ತರಿ ತಾಗಿರಲಿಲ್ಲ. ಹಾಗಾದರೆ ನಮ್ಮ ಬಣ್ಣ ಕಂಡರೆ ಕಷ್ಟವೋ, ನಾವು ರೇಷ್ಮೆ ತೊಟ್ಟರೆ ಕಷ್ಟವೋ?

ಈಗ ಹೊಸ ಚಿತ್ರದಲ್ಲಿ ಅವಳಿಗೆ "ಮಹತ್ವದ ಪಾತ್ರ" ಎಂದು ಪತ್ರಿಕೆಗಳಿಗೆ ಹೇಳಿದ್ದೀರಿ. ಮೊನ್ನೆ ಫೋನಿನಲ್ಲಿ ಅವಳ ಸಂಭ್ರಮ ಕೇಳಬೇಕಿತ್ತು.

"ಅಕ್ಕಾ, ಈ ಸಲ ಹೀರೋಯಿನ್ ನನ್ ಜೊತೆ ಮಾತಾಡ್ತಾಳೆ!"

"ಇಬ್ರೂ ಎಲ್ಲಿ ನಿಂತ್ಕೊಂಡು?"

"ಅವಳು ಪಿಯಾನೋ ಇರೋ ಕೋಣೇಲಿ. ನಾನು ಬಾಗಿಲಾಚೆ."

"ಬಾಗಿಲಾಚೆ" ಎಂದು ತನಗೆ ತಾನೇ ಇನ್ನೊಮ್ಮೆ ಹೇಳಿಕೊಂಡಳು.

ಆ ಬಾಗಿಲು ತೆಗೆಸಿ, ಮಾನ್ಯರೇ. ಪಿಯಾನೋದ ಒಂದೇ ಬೆಂಚಿನ ಮೇಲೆ ಇಬ್ಬರನ್ನೂ ಕೂರಿಸಿ ಒಂದೇ ಹಾಡು ಹಾಡಿಸಿ. ಆಮೇಲೆ ಯಾರು ಬೇಕಾದರೂ ಕತ್ತರಿ ಹಿಡಿದು ಬರಲಿ. ನನ್ನ ತಂಗಿಯನ್ನು ತೆಗೆಯಬೇಕಾದರೆ ನಿಮ್ಮ ನಾಯಕಿಯನ್ನೂ ತೆಗೆಯಬೇಕಾಗುತ್ತದೆ. ಇದಕ್ಕಿಂತ ಕಡಿಮೆಗೆ ನಾನು ಒಪ್ಪುವವಳಲ್ಲ. ಹೀಗೊಂದು ಪತ್ರ ಬರೆಯುತ್ತಿದ್ದೇನೆಂದು ಅಮ್ಮನಿಗೆ ಹೇಳಿದೆ. ಅವಳು ಅಂದು ಟಾಕೀಸಿಗೆ ಇಟ್ಟುಕೊಂಡಿದ್ದ ಟೋಪಿಯನ್ನು ಪೆಟ್ಟಿಗೆಯಿಂದ ತೆಗೆದು, ಧೂಳು ಕೊಡವಿ, ಕೈಗೆ ಸಿಗುವ ಹಾಗೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು.

ಇಂತಿ,
ಊರಿನವರ ಪಾಲಿಗೆ ಇನ್ನೂ ಸುಳ್ಳುಗಾತಿಯ ಅಕ್ಕ,
ಝೆನೋಬಿಯಾ ಪೆಟ್‌ವೇ