ನಿನ್ನ ಮಗಳು ಒಪ್ಪದ ಅಧ್ಯಾಯ

ನನ್ನ ದಾನೀ,

ನೀನು ಹೋದ ಮೇಲೆ ನಿನಗೆ ಹೇಳಬೇಕಾದದ್ದು ಬೇಕಾದಷ್ಟು ಸೇರಿಕೊಂಡಿದೆ. ಈಚಿನ ತಿಂಗಳುಗಳಲ್ಲಿ ನಡೆದದ್ದು ನಿನ್ನ ಮಗಳ ವಿಷಯ. ಅದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿರಲು ಆಗಲಿಲ್ಲ.

ಸೌಂದರ್ಯ ಈಗ ಏಳನೇ ಕ್ಲಾಸು. ನಾನೇ ಅವಳ ಕನ್ನಡ ಟೀಚರ್. ದಂಡಿನಶಿವರದ ಹತ್ತಿರ ನಾವಿಬ್ಬರೂ ಓದಿದ ಅದೇ ಸ್ಕೂಲು. ಹೆಂಚು ಹೋಗಿ ಶೀಟು ಬಂದಿದೆ, ಅಷ್ಟೆ. ಕಳೆದ ಮಳೆಗಾಲದಲ್ಲಿ ಜ್ವರವೆಂದು ತುಮಕೂರಿನ ಆಸ್ಪತ್ರೆಗೆ ಹೋದ ನೀನು ಜೀವಂತವಾಗಿ ಮರಳಲಿಲ್ಲ. ಅಂದಿನಿಂದ ಆ ಮಗು ಕ್ಲಾಸಿನಲ್ಲಿ ತಾನಾಗಿ ಬಾಯಿಬಿಟ್ಟದ್ದೇ ಕಡಿಮೆ. ನಿನ್ನ ಗಂಡ ಮಹಾಂತೇಶಣ್ಣ ಬೆಳಗಾದರೆ ತಿಪಟೂರಿನ ಕೊಬ್ಬರಿ ಮಂಡಿಗೆ ಹೊರಡುತ್ತಾರೆ. ಸೌಂದರ್ಯ ನಿಮ್ಮವ್ವ ಶಿವರುದ್ರಮ್ಮನ ಜೊತೆಗೇ ಇರುತ್ತಾಳೆ. ಬಿಸಿಯೂಟಕ್ಕೆ ಎಲ್ಲರ ಸಾಲಿನಲ್ಲಿ ಕೂರುತ್ತಿದ್ದಳು, ಒಂದೆರಡು ತುತ್ತು ತಿಂದು ಉಳಿದದ್ದನ್ನು ಕಳ್ಳಿಯಂತೆ ಚೆಲ್ಲಿ ಬರುತ್ತಿದ್ದಳು. ಕೇಳಿದರೆ, "ಹಸಿವಿಲ್ಲ ಮಿಸ್" ಎನ್ನುತ್ತಿದ್ದಳು.

ಈ ವರ್ಷ ಮಕ್ಕಳಿಗೆ ಒಂದು ಇಡೀ ಕಾದಂಬರಿ ಓದಿ ಹೇಳಬೇಕೆಂದು ನಾನು ಹಟ ಹಿಡಿದೆ. ಪಠ್ಯಪುಸ್ತಕದ ಎರಡು ಪುಟದ ತುಣುಕುಗಳಲ್ಲಿ ಯಾರ ಪರಿಚಯವೂ ಆಗುವುದಿಲ್ಲ. ಒಬ್ಬ ಮನುಷ್ಯನ ಜೊತೆ ತಿಂಗಳುಗಟ್ಟಲೆ ಇರುವುದು ಎಂದರೇನೆಂದು ಈ ಮಕ್ಕಳಿಗೆ ತಿಳಿಯಬೇಕು ಅನ್ನಿಸಿತ್ತು. ಹೆಡ್‌ಮಾಸ್ಟರ್ ಹಾಲಸ್ವಾಮಿಯವರು, "ಕಾದಂಬರಿ ಎಲ್ಲ ಕಾಲೇಜಿಗಾಯ್ತು ಬುಡಿ ಮೇಡಂ, ಈ ಮಕ್ಳಿಗೆ ಕಾಗುಣಿತ ಬಂದ್ರೆ ಸಾಕು" ಎಂದರು. ಆದರೂ ಲೈಬ್ರರಿ ಪೀರಿಯಡ್ ಬಿಟ್ಟುಕೊಟ್ಟರು.

ತಾಯಿಯ ಜೊತೆ ಕುರಿಮಂದೆ ಹೊಡೆದುಕೊಂಡು ಊರೂರು ಅಲೆಯುವ ಒಬ್ಬ ಹುಡುಗನ ಕಥೆ ಅದು. ಮಕ್ಕಳು ಅವನನ್ನು ಹಚ್ಚಿಕೊಂಡುಬಿಟ್ಟರು. ಆಟದ ಬಯಲಿನಲ್ಲೂ ಅವನ ಕುರಿಗಳ ಹೆಸರು ಕೇಳಿಸುತ್ತಿತ್ತು. ಆದರೆ ಅರ್ಧ ದಾರಿಯಲ್ಲಿ ಆ ತಾಯಿ ಸಾಯುತ್ತಾಳೆಂದು ನನಗೆ ಗೊತ್ತಿತ್ತು. ಪುಸ್ತಕ ಆರಿಸುವಾಗಲೂ ಗೊತ್ತಿತ್ತು. ಹತ್ತಿರ ಬಂದಂತೆ ಧೈರ್ಯ ಸಾಲಲಿಲ್ಲ. ಅಧ್ಯಾಯವನ್ನು ಹಾರಿಸಿ, "ಕೆಲವು ದಿನಗಳ ಮೇಲೆ ಹುಡುಗ ಒಬ್ಬನೇ ನಡೆಯುತ್ತಿದ್ದ" ಎಂದು ನನ್ನ ಮಾತು ಸೇರಿಸಿ ಮುಂದಕ್ಕೆ ಓದತೊಡಗಿದೆ.

ಕಿಟಕಿ ಪಕ್ಕದಿಂದ ನಿನ್ನ ಮಗಳ ದನಿ ಬಂತು. "ಮಿಸ್, ಹಾಳೆ ಜಾಸ್ತಿ ತಿರುವಿದ್ರಿ."

ನಾನು ಪುಸ್ತಕದಿಂದ ತಲೆಯೆತ್ತಿದೆ.

"ಅವ್ರವ್ವ ಸತ್ತೋದ್ರು ಅಲ್ವಾ? ಅದನ್ನೂ ಓದಿ ಮಿಸ್."

ಓದಿದೆ ಕಣೇ. ತಾಯಿಯನ್ನು ಹೂತ ದಿನ ಹುಡುಗ ಅನ್ನ ನೀರು ಮುಟ್ಟಲಿಲ್ಲ, ಹಸಿವೆಂಬುದು ಅವನ ನೆನಪಿಗೇ ಬರಲಿಲ್ಲ, ಸಂಜೆಯ ಹೊತ್ತಿಗೆ ಅವನು ದೊಡ್ಡವನಾಗಿದ್ದ ಎಂದು ಅಧ್ಯಾಯ ಮುಗಿಯುತ್ತದೆ. ಮಕ್ಕಳಲ್ಲಿ ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಸೌಂದರ್ಯ ಮಾತ್ರ ಸಿಟ್ಟಿನಿಂದ ಎದ್ದು ನಿಂತಳು.

"ಇದು ಸುಳ್ಳು. ಸುಳ್ಳು ಬರ್ದವ್ರೆ."

ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ಮಣ್ಣು ಮಾಡೋಕ್ ಮುಂಚೆ ನಮ್ಮವ್ವನ್ನ ಪಡಸಾಲೇಲಿ ಕೂರ್ಸಿದ್ರು. ಪಕ್ಕದ್ಮನೇಲಿ ಸಾರು ಕುದೀತಿತ್ತು, ವಾಸ್ನೆ ಬತ್ತಿತ್ತು. ನಂಗೆ ತಡೆಯಕ್ಕಾಗ್ದಷ್ಟು ಹಸಿವು. ಅಜ್ಜಿ ಹತ್ರ ಅನ್ನ ಕೇಳ್ದೆ. ನಿಮ್ಮವ್ವ ಹಿಂಗ್ ಕೂತವ್ಳೆ, ನಿಂಗೆ ಹೊಟ್ಟೆ ಚಿಂತೆಯಾ ಅಂದ್ಲು." ನನ್ನ ಕೈಯ ಪುಸ್ತಕದತ್ತ ಬೆರಳು ಮಾಡಿ ಕೇಳಿದಳು: "ಇವನಿಗ್ಯಾಕೆ ಹಸಿವಾಗ್ಲಿಲ್ಲ ಮಿಸ್? ನಂಗ್ಯಾಕೆ ಆಯ್ತು?"

ಅವತ್ತು ನಾನೂ ನಿಮ್ಮ ಮನೆಯಲ್ಲೇ ಇದ್ದೆ, ದಾನೀ. ನಿನ್ನ ಹಣೆಯ ವಿಭೂತಿ ನೋಡುತ್ತಾ ಕೂತವಳಿಗೆ ಹಿಂದೆ ನಿಂತ ಮಗು ಕಾಣಲಿಲ್ಲ. ಇಷ್ಟು ದಿನ ಅವಳು ತಟ್ಟೆಯ ಮುಂದೆ ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದಳೆಂದು ಆಗ ತಿಳಿಯಿತು. "ನಂಗೊತ್ತಿಲ್ಲ ಮಗಾ. ಬರೆದವರಿಗೂ ಗೊತ್ತಿರಲಿಲ್ಲವೇನೋ" ಎಂದೆ. ಹಿಂದಿನ ಬೆಂಚಿನಿಂದ ಬಾಲರಾಜು, "ನಮ್ಮ ತಾತ ಸತ್ತಾಗ ನಾನು ಗೋಲಿ ಆಡಕ್ಕೋಗಿದ್ದೆ ಮಿಸ್" ಎಂದ. ಇನ್ನೊಬ್ಬಳು, ಅತ್ತೆಯ ಮಣ್ಣಿನ ದಿನ ನಗು ಬಂದು ಅವ್ವನ ಸೆರಗಿನ ಹಿಂದೆ ಅಡಗಿದ್ದನ್ನು ಹೇಳಿದಳು. ಯಾರೂ ಯಾರನ್ನೂ ಆಡಿಕೊಳ್ಳಲಿಲ್ಲ. ಬೆಲ್ ಹೊಡೆದರೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ನಿಮ್ಮವ್ವ ಸ್ಕೂಲಿಗೇ ಬಂದರು. ತೆಂಗಿನಕಾಯಿಯ ಮಟ್ಟೆ ಸುಲಿಯುವ ಕೆಲಸ ಬಿಟ್ಟು ಹಾಗೆಯೇ ಎದ್ದು ಬಂದಿದ್ದರು, ಸೀರೆಯ ಮೇಲೆಲ್ಲ ನಾರು. ಮನೆಯ ಮಾತು ಕ್ಲಾಸಿಗೆ ಬಂದದ್ದು ಯಾರಿಂದಲೋ ಕಿವಿಗೆ ಬಿದ್ದಿತ್ತು. "ಸತ್ತೋರ ಕತೆ ಓದಿ ಮಗೂನ ಗೋಳಾಡ್ಸಕ್ಕೆ ಸಂಬ್ಳ ಕೊಡ್ತಾರೇನವ್ವಾ ನಿಂಗೆ? ನನ್ನ ಮಗಳ ಜೊತೆ ಬೆಳೆದೋಳು ನೀನು!" ಎಂದರು. ಹಾಲಸ್ವಾಮಿಯವರು ನನ್ನ ಮುಖ ನೋಡಿದರು. ಮಗು ಊಟ ಚೆಲ್ಲುವುದು ಅವರ ಆ ಮಾತಿನಿಂದಲೇ ಎಂಬ ಉತ್ತರ ನನ್ನ ಬಳಿಯಿತ್ತು. ಆದರೆ ಮಗಳನ್ನು ಮಣ್ಣಿಗಿಟ್ಟ ತಾಯಿಗೆ ಅದನ್ನು ಹೇಗೆ ಹೇಳಲಿ? ಪುಸ್ತಕ ಇಲ್ಲಿಗೇ ನಿಲ್ಲಿಸಿಬಿಡೋಣ ಎಂದುಕೊಂಡೆ.

ಅಷ್ಟರಲ್ಲಿ ಸೌಂದರ್ಯ ಜಗುಲಿಗೆ ಬಂದು ನಿಂತಳು. "ಅಜ್ಜಿ, ಅವತ್ತು ನಾನು ಅನ್ನ ಕೇಳಿದ್ದು ತಪ್ಪಾ?"

ನಿಮ್ಮವ್ವ ಅಲ್ಲೇ ಕಂಬ ಹಿಡಿದು ಕೂತರು. ಆಮೇಲೆ ಮೊಮ್ಮಗಳ ಕೈ ಹಿಡಿದೆಳೆದು ಪಕ್ಕಕ್ಕೆ ಕೂರಿಸಿಕೊಂಡರು.

"ಅವತ್ತು ನಂಗೂ ಹಸಿವಾಗಿತ್ತು ಕಣವ್ವ" ಎಂದರು. "ಹೆತ್ತ ಮಗಳು ಹಿಂಗೆ ಕೂತಿರ್ಬೇಕಾದ್ರೆ ಈ ಹಾಳು ಹೊಟ್ಟೆಗೆ ಹಸಿವಾಯ್ತದಲ್ಲ ಅಂತ ನನ್ ಮೇಲೇ ಸಿಟ್ಟು ಬಂತು. ಅದನ್ನ ನಿನ್ ಮೇಲೆ ತೀರಿಸ್ಕೊಂಡೆ."

ಇಬ್ಬರೂ ಒಬ್ಬರಿಗೊಬ್ಬರು ಒರಗಿ ಅತ್ತರು. ನಾವು ಒಳಗೆ ಬಂದುಬಿಟ್ಟೆವು.

ಪುಸ್ತಕ ನಿಲ್ಲಲಿಲ್ಲ, ನಿನ್ನೆ ಮುಗಿಯಿತು. ಸೌಂದರ್ಯ ಆ ಲೇಖಕರನ್ನು ಇನ್ನೂ ಕ್ಷಮಿಸಿಲ್ಲ. "ಕೊನೆ ಪರ್ವಾಗಿಲ್ಲ ಮಿಸ್, ಆದ್ರೆ ಆ ಒಂದು ಅಧ್ಯಾಯ ನಾನು ಒಪ್ಪಲ್ಲ" ಎಂದಳು. ಎಷ್ಟು ಪಾಠ ಮಾಡಿದರೂ ಯಾವ ಮಗುವೂ ನನಗೆ ಹೀಗೆ ಹೇಳಿರಲಿಲ್ಲ. ಅವಳಿಗೆ ನಿನ್ನನ್ನು ತಂದುಕೊಡಲು ನನ್ನಿಂದ ಆಗುವುದಿಲ್ಲ, ದಾನೀ. ಜಗಳವಾಡಲು ಇನ್ನಷ್ಟು ಪುಸ್ತಕಗಳನ್ನು ತಂದುಕೊಡಬಲ್ಲೆ. ತರುತ್ತೇನೆ.

ಇಲ್ಲಿಯ ಚಿಂತೆ ಬಿಡು. ತೋಟದ ಮಣ್ಣಿನಲ್ಲಿ ತಣ್ಣಗಿರು.

ಎಂದಿಗೂ ನಿನ್ನವಳೇ,
ಪವಿತ್ರ