ಬೋರ್ಡಿನಲ್ಲಿ ಬರೆದ ರೇಟು

ಗೋಣಿಬೀಡು
೧೪ ಮೇ ೨೦೦೧

ಪ್ರೀತಿಯ ಪಂಚಮಿ ಮಾರಾಯ್ತಿ,

ಮೊದಲು ಕುಳಿತುಕೋ. ಇಂಗ್ಲೆಂಡಿನಿಂದ ಪತ್ರ ಬಂತು. ಅರ್ಥಶಾಸ್ತ್ರ ಓದಲು ನನಗೆ ಸೀಟು ಸಿಕ್ಕಿದೆ, ಸ್ಕಾಲರ್‌ಶಿಪ್ಪೂ ಇದೆ. ಅಮ್ಮಿ ಬೆಳಗಿನಿಂದ ಸಿಕ್ಕಿದವರಿಗೆಲ್ಲ ಶ್ಯಾವಿಗೆ ಪಾಯಸ ಕುಡಿಸುತ್ತಿದ್ದಾಳೆ. ಪತ್ರ ತಂದ ಗಿಡ್ಡಪ್ಪಣ್ಣ ಎರಡು ಲೋಟ ಕುಡಿದು ಹೋದರು.

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಅರ್ಥಶಾಸ್ತ್ರವನ್ನೇ ಯಾಕೆ ಓದಬೇಕು? ದೇಶ, ಬಡತನ, ಅಭಿವೃದ್ಧಿ ಎಂದೆಲ್ಲ ಎರಡು ಪುಟ ಕೊರೆದೆ. ಓದಿದರೆ ನನಗೇ ಆಕಳಿಕೆ. ಹರಿದು ಹಾಕಿ ನಮ್ಮ ಅಂಗಡಿ ಬೋರ್ಡಿನ ಕಥೆ ಬರೆದೆ.

ನಾವು ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆ ನೆನಪಿದೆಯಲ್ಲ? ಬೆಳೆಗಾರರಿಂದ ಕಾಫಿ ಕೊಳ್ಳುವ ನಮ್ಮ ಅಂಗಡಿಯ ಮುಂದೆ, ಕರಿ ಬೋರ್ಡಿನಲ್ಲಿ ದಿನಾ ರೇಟು ಬರೆಯುವ ಕೆಲಸ ನನ್ನದು. ಬೆಲೆ ಹೇಳಲು ಮಂಗಳೂರಿನ ಸಗಟು ವ್ಯಾಪಾರಿಗಳಿಂದ ಫೋನು ಬರುತ್ತಿತ್ತು. ಅಬ್ಬಾ ಹೇಳಿದ್ದನ್ನು ನಾನು ಬರೆಯುತ್ತಿದ್ದೆ. ಒಂದು ದಿನ ರೊಬಸ್ಟಾ ಕಾಫಿ ಮೂಟೆಗೆ ಸಾವಿರದ ಇನ್ನೂರು ಎಂದು ಹೇಳಿ ಮೂಡಿಗೆರೆಗೆ ಹೋದರು. ಬೋರ್ಡಿನಲ್ಲಿ ಸಾವಿರದ ಮುನ್ನೂರು ಬಿತ್ತು.

ಅವರು ವಾಪಸಾಗುವಾಗ ನಿನ್ನ ಅಪ್ಪನ ಜೀಪು ಬಾಗಿಲಲ್ಲಿತ್ತು, ಹಿಂದೆ ಇನ್ನೂ ನಾಲ್ಕು. ಬೋರ್ಡು ನೋಡಿ ಅಬ್ಬಾನ ಮುಖ ಬಿಳಚಿಕೊಂಡಿತು. ಹೆದರಿ ಅಳಿಸಲು ಹೋದೆ. ಅವರು ಕೈ ಹಿಡಿದುಕೊಂಡರು. "ಬಿಡು, ಅಳಿಸ್ಬೇಡ. ಬೋರ್ಡ್ ನೋಡಿ ಬಂದೋರಿಗೆ ಬೇರೆ ರೇಟ್ ಹೇಳಕ್ಕಾಗಲ್ಲ" ಎಂದರು.

ಎದುರಂಗಡಿಯ ನಾಗೇಶಣ್ಣನ ಕಡೆ ಒಬ್ಬರೂ ತಿರುಗಲಿಲ್ಲ. ಅವರು ಒಂದು ಗಂಟೆ ತಡೆದುಕೊಂಡರು, ಆಮೇಲೆ ಗೊಣಗುತ್ತ ತಮ್ಮ ಬೋರ್ಡನ್ನೂ ಒರೆಸಿ ಸಾವಿರದ ಮುನ್ನೂರು ಬರೆದರು. ಸಂಜೆಯೊಳಗೆ ಊರಿಗೆಲ್ಲ ಅದೇ ರೇಟು. ನಾನು ಸೀಮೆಸುಣ್ಣದಲ್ಲಿ ಗೀಚಿದ್ದು ಗೋಣಿಬೀಡಿನ ನಿಜವಾದ ಬೆಲೆಯಾಗಿತ್ತು. ಹಾಗಾದರೆ ಮಂಗಳೂರಿನವರಿಗೆ ಬೆಲೆ ಹೇಳುವವರು ಯಾರು? ಅವರಿಗೆ ಹೇಳುವವರು ಯಾರು? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅರ್ಜಿಯಲ್ಲಿ ಅದನ್ನೇ ಬರೆದೆ, ಇಂಗ್ಲೆಂಡಿನವರಿಗೆ ಹಿಡಿಸಿತು.

ಅಬ್ಬಾ ಒಪ್ಪುತ್ತಾರೋ ಇಲ್ಲವೋ ಎಂಬ ಹೆದರಿಕೆ ಮಾತ್ರ ಇತ್ತು. ಪತ್ರವನ್ನು ಎರಡು ಸಲ ಓದಿಸಿಕೊಂಡು, ಸ್ವೆಟರು ದಪ್ಪದ್ದೇ ತಗೋ ಎಂದರು. ಅಷ್ಟೇ ಸಾಕಾಯಿತು, ಕುಣಿದುಬಿಟ್ಟೆ.

ಮುಂದಿನ ವಾರ ಕಳಸಕ್ಕೆ ಬರುತ್ತೇನೆ. ಟೀಚರಮ್ಮ, ಮನೆಯಲ್ಲೇ ಇರು. ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ ಹರಟಿದ ಹಾಗೆ ಹರಟಬೇಕು.

ನಿನ್ನ
ಫರ್ಹತ್

ತಾ.ಕ.: ಅರ್ಜಿಯಲ್ಲಿ 'ಕೈತಪ್ಪಿ ಬರೆದೆ' ಎಂದಿದ್ದೇನೆ. ನಿನಗೆ ಸುಳ್ಳು ಹೇಳಲಾರೆ. ಮೂಟೆಗೆ ಸಾವಿರದ ಮುನ್ನೂರು ಸಿಕ್ಕರೆ ಮಾತ್ರ ಅಪ್ಪ ಕಾಲೇಜಿಗೆ ಕಳಿಸುತ್ತಾರೆ, ಇಲ್ಲದಿದ್ದರೆ ಓದು ಇಲ್ಲಿಗೇ ಮುಗಿಯಿತು ಎಂದು ಹಿಂದಿನ ದಿನ ಬಸ್ಸಿನಲ್ಲಿ ನೀನು ಅತ್ತಿದ್ದೆ. ನೀನಿಲ್ಲದ ಹಾಸ್ಟೆಲು ನನಗೆ ಬೇಡವಾಗಿತ್ತು. ಇವತ್ತು ಅಬ್ಬಾನ ಹತ್ತಿರ ಒಪ್ಪಿಕೊಂಡೆ. ನಕ್ಕುಬಿಟ್ಟರು. "ಗೊತ್ತಿತ್ತು. ಪಂಚಮಿ ಅಪ್ಪ ಶಂಭು ಅವ್ರು ಜೀಪಿಂದ ಇಳಿತಿದ್ದಂಗೆ, ಈ ರೇಟ್ ಸಿಕ್ರೆ ಮಗಳನ್ನ ಕಾಲೇಜಿಗೆ ಕಳಿಸ್ತೀನಿ ಅಂತ ನಂಗೂ ಹೇಳಿದ್ರು. ಅದಕ್ಕೇ ನಿನ್ನ ಕೈ ಹಿಡ್ಕೊಂಡಿದ್ದು" ಎಂದರು.